ಮೇಪಲ್ ಪ್ಯಾನಿನ ಮಸಿ: ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬಹುದು

ಮೇಪಲ್ ಮರದ ರಸವನ್ನು ಕುದಿಸಿ ಸಿರಪ್ ಮಾಡುವ ಒಲೆ ಮತ್ತು ಪ್ಯಾನುಗಳ ಜೋಡಣೆಗೆ ಇವ್ಯಾಪೊರೇಟರ್ ಎನ್ನುತ್ತಾರೆ. ಅದರ ಮುಂದಿನ ಪ್ಯಾನನ್ನು ಎತ್ತಿ ಮಗುಚಿದಾಗ ಕಾಣುವ ಕಪ್ಪು ತಳ ನೋಡಿ ಕೈ ಸುಮ್ಮನಿರುವುದಿಲ್ಲ. ಕನ್ನಡಿಯ ಹಾಗೆ ಹೊಳೆಯುವ ತನಕ ತಿಕ್ಕೋಣ ಅನ್ನಿಸುತ್ತದೆ. ಆ ತಿಕ್ಕಾಟದಿಂದ ಸಿಗುವುದು ತೋಳುನೋವು ಮಾತ್ರ. ಬೆಂಕಿಯ ನೆತ್ತಿಯ ಮೇಲೆ ಕೂರುವ ಆ ಚಪ್ಪಟೆ ತಳಕ್ಕೆ ಬಿಸಿ ಬರುವುದು ಬಹುಪಾಲು ಉರಿ ಮತ್ತು ಕೆಂಡದ ಝಳದಿಂದ. ಹೊಳೆಯುವ ಸ್ಟೀಲ್ ಝಳವನ್ನು ವಾಪಸು ಕಳಿಸುತ್ತದೆ, ಕಪ್ಪಾದ ಸ್ಟೀಲ್ ಹೀರಿಕೊಳ್ಳುತ್ತದೆ. ಬೆರಳಾಡಿಸಿದರೆ ಪುಡಿ ಉದುರದಷ್ಟು ತೆಳುವಾದ ಕಪ್ಪು ಅಲ್ಲಿದ್ದರೆ ಇರಲಿ ಬಿಡಿ. ಸೌದೆ ತಿನ್ನುವ ಮಸಿ ಇರುವುದು ಹಿಂದಿನ ಪ್ಯಾನಿನಲ್ಲಿ, ಅದರ ತಳದ ಮಡಿಕೆಗಳಾದ ಫ್ಲೂಗಳ ಸಂದಿಯಲ್ಲಿ, ಬಗ್ಗಿ ಟಾರ್ಚ್ ಹಾಕದಿದ್ದರೆ ಕಾಣದ ಜಾಗದಲ್ಲಿ.

ಪದಗಳನ್ನು ಒಮ್ಮೆ ನೋಡಿಕೊಂಡರೆ ಮುಂದಿನದು ಸಲೀಸು. ಒಳಗೆ ಬೆಂಕಿಇಟ್ಟಿಗೆ ಕಟ್ಟಿದ ಉದ್ದನೆಯ ಕಬ್ಬಿಣದ ಒಲೆಗೆ ಆರ್ಚ್ ಎನ್ನುತ್ತಾರೆ. ಮುಂಭಾಗದಲ್ಲಿ ಚಪ್ಪಟೆ ತಳದ ಸಿರಪ್ ಪ್ಯಾನ್, ಹಿಂಭಾಗದಲ್ಲಿ ಫ್ಲೂ ಪ್ಯಾನ್, ಅದರಾಚೆ ಚಿಮಣಿ. ಫ್ಲೂ ಪ್ಯಾನಿನ ತಳವನ್ನು ಸೀರೆಯ ನೆರಿಗೆಯ ಹಾಗೆ ಆಳವಾಗಿ ಮಡಚಿರುತ್ತಾರೆ. ಒಂದೊಂದು ಮಡಿಕೆ ಸಾಮಾನ್ಯವಾಗಿ 18 ಸೆಂಟಿಮೀಟರ್ ಆಸುಪಾಸಿನ ಆಳ, ನಡುವಿನ ಸಂದಿ 2ರಿಂದ 2.5 ಸೆಂಟಿಮೀಟರ್, ತಗಡಿನ ದಪ್ಪ 1 ಮಿಲಿಮೀಟರಿಗೂ ಕಡಿಮೆ. ಮಡಿಕೆಯ ಒಳಗೆ ರಸ, ಸಂದಿಯಲ್ಲಿ ಬಿಸಿಗಾಳಿ. ಮಡಿಕೆಗಳು ಒಲೆಯೊಳಗೆ ಇಳಿಬಿದ್ದಿದ್ದರೆ ಅದು ಡ್ರಾಪ್ ಫ್ಲೂ, ಒಲೆಯ ಅಂಚಿಗಿಂತ ಮೇಲೆದ್ದಿದ್ದರೆ ರೈಸ್ಡ್ ಫ್ಲೂ. ಕೆನಡಾದ ಕ್ವಿಬೆಕ್, ಒಂಟಾರಿಯೊ, ಅಮೆರಿಕದ ವರ್ಮಾಂಟ್, ನ್ಯೂಯಾರ್ಕ್ ಕಡೆಯ ಶುಗರ್‌ಹೌಸುಗಳಲ್ಲಿ, ಅಂದರೆ ಸಿರಪ್ ಕಾಯಿಸುವ ಮನೆಗಳಲ್ಲಿ, ಎರಡೂ ಬಗೆಯವು ಇವೆ.

ಮರದಿಂದ ಇಳಿದ ರಸದಲ್ಲಿ ಸಕ್ಕರೆ ಸುಮಾರು 2 ಶೇಕಡಾ. 86ನ್ನು ಆ ಶೇಕಡಾದಿಂದ ಭಾಗಿಸಿದರೆ ಒಂದು ಪಾಲು ಸಿರಪ್ಪಿಗೆ ಎಷ್ಟು ಪಾಲು ರಸ ಬೇಕೆಂದು ಗೊತ್ತಾಗುತ್ತದೆ ಎಂಬುದು ಅಲ್ಲಿಯವರ ಹಳೆಯ ಬಾಯಿಲೆಕ್ಕ. 2 ಶೇಕಡಾಕ್ಕೆ 43 ಪಾಲು. 1 ಲೀಟರ್ ಸಿರಪ್ ಕೈಗೆ ಬರಬೇಕಾದರೆ ಹೆಚ್ಚುಕಡಿಮೆ 42 ಲೀಟರ್ ನೀರು ಹಬೆಯಾಗಿ ಹೋಗಬೇಕು. ಅದರ ದೊಡ್ಡ ಪಾಲನ್ನು ಹಾರಿಸುವುದು ಫ್ಲೂ ಪ್ಯಾನ್. ಆ ತೆಳು ತಗಡಿನ ಹೊರಮೈಗೆ 1 ಮಿಲಿಮೀಟರ್ ಮಸಿ ಕೂತರೆ, ಬಿಸಿ ತಡೆಯುವ ಲೆಕ್ಕದಲ್ಲಿ ಅದು 10 ಸೆಂಟಿಮೀಟರಿಗೂ ದಪ್ಪನೆಯ ಸ್ಟೀಲ್ ಗೋಡೆಗೆ ಸಮ. ಫ್ಲೂಗಳಿಗೆ ಬಿಸಿ ಮುಟ್ಟುವುದು ಝಳದಿಂದಲ್ಲ, ಹಾದುಹೋಗುವ ಗಾಳಿಯ ಸ್ಪರ್ಶದಿಂದ. ಹಾಗಾಗಿ ಮುಂದಿನ ಪ್ಯಾನಿನ ಕಪ್ಪಿಗೆ ತೋರಿಸಿದ ರಿಯಾಯಿತಿ ಇಲ್ಲಿ ನಡೆಯುವುದಿಲ್ಲ.

ಕೆಳಗೆ ಅಷ್ಟು ಉಗ್ರವಾದ ಬೆಂಕಿ ಇದ್ದರೂ ಮಸಿ ಸುಟ್ಟುಹೋಗುವುದಿಲ್ಲವೇಕೆ? ಪ್ಯಾನಿನೊಳಗೆ ರಸ ಇರುವಷ್ಟು ಹೊತ್ತು ತಗಡು ಕುದಿಬಿಂದುವಿಗಿಂತ ಹೆಚ್ಚು ಮೇಲೇರುವುದಿಲ್ಲ. ಸಿರಪ್ ಹದಕ್ಕೆ ಬರುವುದೇ ನೀರಿನ ಕುದಿಗಿಂತ 4 ಡಿಗ್ರಿ ಸೆಲ್ಸಿಯಸ್ ಮೇಲೆ. ಮಸಿ ಸುಡಬೇಕಾದರೆ 500 ಡಿಗ್ರಿಗೂ ಮಿಕ್ಕಿದ ಬಿಸಿ ಬೇಕು. ಬೆಂಕಿಯ ಲೆಕ್ಕದಲ್ಲಿ ಪ್ಯಾನ್ ಒಂದು ತಣ್ಣನೆಯ ವಸ್ತು; ಉರಿಯ ನಾಲಗೆ ಅದಕ್ಕೆ ತಾಗಿದ ಕೂಡಲೇ ಅರ್ಧ ಸುಟ್ಟ ಇಂಗಾಲ ಅಲ್ಲೇ ಕೂತುಬಿಡುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಬೆಳಗಿನ ಮೊದಲ ಅರ್ಧ ಗಂಟೆ. ರಸ ಆಗಷ್ಟೇ ಮಂಜುಗಡ್ಡೆಯ ಅಂಚಿನಿಂದ ಬಂದಿರುತ್ತದೆ, ತಗಡೂ ಅಷ್ಟೇ ತಣ್ಣಗಿರುತ್ತದೆ. ಸೌದೆ ಉರಿದಾಗ ಹೊರಡುವ ನೀರಾವಿ ಆ ತಗಡಿನ ಮೇಲೆ ಬೆವರುಗಟ್ಟುತ್ತದೆ. ಹೊಗೆಯ ಟಾರು ಆ ಬೆವರಿಗೆ ಸೇರಿ ಅಂಟಾಗುತ್ತದೆ. ಇಡೀ ದಿನದ ಮಸಿ ಬಂದು ಕೂರುವುದು ಆ ಅಂಟಿನ ಮೇಲೆ.

ಆದ್ದರಿಂದ ಮಸಿಯೆಲ್ಲ ಒಂದೇ ಅಲ್ಲ. ಒಣಸೌದೆಯ ಬಿರುಸಿನ ಬೆಂಕಿ ಬಿಡುವುದು ಮೆತ್ತನೆಯ, ಬೂದುಗಪ್ಪು ಪುಡಿ. ಊದಿದರೂ ಅರ್ಧ ಹಾರುತ್ತದೆ. ಹಸಿಸೌದೆಯದು ಜಿಡ್ಡುಜಿಡ್ಡು, ಬೆರಳಿಗೆ ಹತ್ತಿದರೆ ಸೋಪಿಗೂ ಬಗ್ಗುವುದಿಲ್ಲ. ಅದೇ ಜಿಡ್ಡು ಹತ್ತಾರು ಸಲ ಕಾದು ಆರಿದರೆ ಗಾಜಿನ ಲೇಪದ ಹಾಗೆ ಗಟ್ಟಿಯಾಗಿ ಹೊಳೆಯುವ ಕ್ರಿಯೋಸೋಟ್ ಆಗುತ್ತದೆ. ಉಗುರಲ್ಲಿ ಗೀರಿದರೆ ಗೆರೆ ಮೂಡದಿದ್ದರೆ ಅದೇ. ಮೊದಲನೆಯದಕ್ಕೆ ಬ್ರಷ್ ಸಾಕು, ಎರಡನೆಯದಕ್ಕೆ ಬಿಸಿನೀರು ಮತ್ತು ವಾಷಿಂಗ್ ಸೋಡಾ ಬೇಕು, ಮೂರನೆಯದಕ್ಕೆ ಪ್ಯಾನನ್ನು ಕೆಳಗಿಳಿಸದೆ ಬೇರೆ ದಾರಿಯಿಲ್ಲ. ರಸ ಇಳಿಯುವ ಸೀಸನ್ ನಡುವೆ ಮಾಡುವ ಕೆಲಸವೆಲ್ಲ ಮಸಿ ಮೂರನೆಯ ಬಗೆಯದಾಗದ ಹಾಗೆ ನೋಡಿಕೊಳ್ಳುವುದಷ್ಟೇ.

ಬ್ರಷ್ ಹಾಕುವ ಹೊತ್ತು ಬಂದಿದೆ ಎಂದು ಹೇಳುವುದು ಚಿಮಣಿಯ ಬುಡದ ಥರ್ಮಾಮೀಟರ್. ಶುಚಿಯಾದ ಫ್ಲೂಗಳಿದ್ದಾಗ, ಒಲೆ ಪೂರ್ತಿ ಕಾದು ಒಂದು ಗಂಟೆ ಓಡಿದ ಮೇಲೆ ಅದು ಎಷ್ಟು ತೋರಿಸಿತು ಎಂದು ಸೀಮೆಸುಣ್ಣದಲ್ಲಿ ಆರ್ಚಿನ ಮೈಮೇಲೆಯೇ ಬರೆದಿಡಿ. ಪ್ರತಿ ಒಲೆಗೂ ಆ ಅಂಕಿ ಬೇರೆ, ಇನ್ನೊಬ್ಬರದ್ದನ್ನು ತಂದು ಹೋಲಿಸಬೇಡಿ. ಅದೇ ಸೌದೆ, ಅದೇ ಹೊತ್ತಿನ ಅಂತರದಲ್ಲಿ ತುಂಬಿಸುತ್ತಿದ್ದರೂ ಮುಳ್ಳು 30–40 ಡಿಗ್ರಿ ಮೇಲೇರಿ ನಿಂತಿತೆಂದರೆ, ರಸಕ್ಕೆ ಹೋಗಬೇಕಾದ ಬಿಸಿ ಆಕಾಶಕ್ಕೆ ಹೋಗುತ್ತಿದೆ. ಇಲ್ಲೊಂದು ಮೋಸವಿದೆ. ಸಂದಿಗಳು ಮಸಿಯಿಂದ ಕಟ್ಟಿಕೊಳ್ಳುತ್ತ ಬಂದರೆ ಚಿಮಣಿಯ ಎಳೆತ ಬಿದ್ದುಹೋಗಿ ಮುಳ್ಳು ಮತ್ತೆ ಕೆಳಗಿಳಿಯುತ್ತದೆ. ಆಗ ಥರ್ಮಾಮೀಟರನ್ನು ನಂಬಿ ಕೂರಬಾರದು. ಬಾಗಿಲು ತೆಗೆದಾಗ ಹೊಗೆ ಮುಖಕ್ಕೆ ಬರುವುದು ಅದರ ಗುರುತು. ಹಸಿಸೌದೆ ಮತ್ತು ಬರೀ ಚಿಮಣಿ ಎಳೆತದ ಒಲೆಗೆ ದಿನವೂ ಬ್ರಷ್ ಬೇಕಾಗುತ್ತದೆ. ಒಣಸೌದೆ, ಬ್ಲೋವರ್ ಇರುವ ಒಲೆಗೆ ಎರಡು ಮೂರು ದಿನಕ್ಕೊಮ್ಮೆ ಆದರೂ ನಡೆಯುತ್ತದೆ.

ಹೊತ್ತು: ಬೆಳಗ್ಗೆ, ಬೆಂಕಿ ಹಚ್ಚುವ ಮೊದಲು. ರಾತ್ರಿ ಕೆಲಸ ಮುಗಿದ ತಕ್ಷಣ ಬೇಡ. ಇಟ್ಟಿಗೆಯಲ್ಲಿ ಬಿಸಿ, ಬೂದಿಯಡಿ ಕೆಂಡ ಎರಡೂ ಇರುತ್ತವೆ. ಆ ಬಿಸಿ ಇಳಿಯುವವರೆಗೆ ಪ್ಯಾನಿನಲ್ಲಿ 4–5 ಸೆಂಟಿಮೀಟರ್ ರಸ ನಿಲ್ಲಲೇಬೇಕು, ಇಲ್ಲದಿದ್ದರೆ ತಗಡು ಸೊಟ್ಟಗಾಗುತ್ತದೆ, ಹಳೆಯ ಪ್ಯಾನಾದರೆ ಬೆಸುಗೆಯೇ ಕರಗಿ ಹರಿಯುತ್ತದೆ.

ಬ್ರಷ್ ಕೊಳ್ಳುವಾಗ ಮೊದಲು ನಿಮ್ಮ ಸಂದಿ ಅಳೆಯಿರಿ. ಫ್ಲೂ ಬ್ರಷ್ ಚಪ್ಪಟೆಯಾಗಿರುತ್ತದೆ. ಅದರ ಎಳೆಗಳು ಎರಡೂ ಬದಿಯ ತಗಡಿಗೆ ಒತ್ತಬೇಕಾದರೆ ಸಂದಿಗಿಂತ 3–4 ಮಿಲಿಮೀಟರ್ ಅಗಲ ಹೆಚ್ಚಿರಬೇಕು. ಎಳೆ ಸ್ಟೇನ್‌ಲೆಸ್ ಆಗಿರಲಿ ಅಥವಾ ಗಡಸು ನೈಲಾನ್ ಆಗಿರಲಿ. ಸಾದಾ ಕಬ್ಬಿಣದ ತಂತಿ ಸ್ಟೇನ್‌ಲೆಸ್ ಮೇಲೆ ಕಬ್ಬಿಣದ ಕಣ ಉಳಿಸಿ ಹೋಗುತ್ತದೆ. ಆ ಕಣ ತುಕ್ಕು ಹಿಡಿಯುತ್ತದೆ, ತುಕ್ಕಿನಡಿ ತಗಡಿಗೂ ಗುಳಿ ಬೀಳುತ್ತದೆ. ಹಿಡಿ ಪ್ಯಾನಿಗಿಂತ ಕನಿಷ್ಠ 30 ಸೆಂಟಿಮೀಟರ್ ಉದ್ದವಿರಬೇಕು. ಒಲೆಯ ಹಿಂದೆಯೂ ಅಷ್ಟು ಜಾಗ ಬೇಕು ಎಂಬುದು ಎಷ್ಟೋ ಜನರಿಗೆ ಹೊಳೆಯುವುದು ಆರ್ಚನ್ನು ಗೋಡೆಗೆ ತಾಗಿಸಿ ಕೂರಿಸಿದ ಮೇಲೆ. ಹಾಗಾಗಿಬಿಟ್ಟಿದ್ದರೆ ತಿರುಪಿ ಜೋಡಿಸುವ ಎರಡು ತುಂಡಿನ ಹಿಡಿಯೇ ಗತಿ.

ಶುರು ಮಾಡುವ ಮುನ್ನ ಪ್ಯಾನುಗಳ ಬಾಯಿ ಮುಚ್ಚಿ. ಇದನ್ನು ಮರೆತರೆ ಮಸಿ ಮೇಲೆದ್ದು ನಿಧಾನವಾಗಿ ರಸದಲ್ಲೇ ಇಳಿಯುತ್ತದೆ. ಸೋಸಿದರೂ ಹೊಗೆಯ ವಾಸನೆ ಪೂರ್ತಿ ಬಿಡುವುದಿಲ್ಲ. ಚಿಮಣಿ ಬುಡದ ಶುಚಿ ಬಾಗಿಲು ತೆಗೆಯಿರಿ. ಕೆಲವು ಆರ್ಚುಗಳಿಗೆ ಆ ಬಾಗಿಲೇ ಇರುವುದಿಲ್ಲ, ಚಿಮಣಿಯ ಬುಡವನ್ನು ಬಿಚ್ಚಬೇಕಾಗುತ್ತದೆ. ಒಂದು ಅಂಚಿನ ಸಂದಿಯಿಂದ ಹಿಡಿದು ಸಾಲಾಗಿ ಹೋಗಿ. ಬ್ರಷ್ ತುದಿ ಮುಟ್ಟುವ ತನಕ ನೇರ ತಳ್ಳಿ, ನೇರ ಎಳೆಯಿರಿ. ನಡುವೆ ಸಿಕ್ಕಿಕೊಂಡರೆ ತಿರುಚಬೇಡಿ. ತಿರುಚಿದಾಗ ಎಳೆಗಳು ವೆಲ್ಡಿಂಗ್ ಅಂಚಿಗೆ ಹಲ್ಲು ಕಚ್ಚಿದ ಹಾಗೆ ಕಚ್ಚುತ್ತವೆ. ಜೋರು ಮಾಡಿದರೆ ಮಡಿಕೆ ಬಾಗಿ ಪಕ್ಕದ ಸಂದಿ ಕಿರಿದಾಗುತ್ತದೆ, ಮುಂದೆ ಆ ಸಂದಿಯೇ ಮೊದಲು ಕಟ್ಟುತ್ತದೆ. ಒಂದೆರಡು ಸಲ ಹೋಗಿಬಂದರೆ ಪುಡಿಮಸಿ ಬಿಡುತ್ತದೆ. ಡ್ರಾಪ್ ಫ್ಲೂನಲ್ಲಿ ಸಂದಿಯ ಮೇಲ್ಗಡೆಯ ಮೂಲೆ, ರೈಸ್ಡ್ ಫ್ಲೂನಲ್ಲಿ ಗಾಳಿ ಏರಿ ಒಳನುಗ್ಗುವ ಮುಂಬದಿಯ ಬಾಯಿ, ಇವೆರಡು ಜಾಗ ತಪ್ಪಿಸಿಕೊಳ್ಳುತ್ತವೆ. ಟಾರ್ಚ್ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ. ಪ್ರತಿ ಸಂದಿಯಲ್ಲೂ ಬೆಳಕಿನ ಗೆರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲಕ್ಕೆ ಕಾಣಬೇಕು.

ಉದುರಿದ ಮಸಿ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಅದು ಫ್ಲೂಗಳ ಕೆಳಗೆ ಆರ್ಚಿನ ನೆಲದ ಮೇಲೆ ಗುಡ್ಡೆಯಾಗಿ ಕೂತಿರುತ್ತದೆ. ಡ್ರಾಪ್ ಫ್ಲೂ ಆರ್ಚಿನಲ್ಲಿ ಮಡಿಕೆಯ ತಳಕ್ಕೂ ಆ ನೆಲಕ್ಕೂ ಬಹಳ ಕಡಿಮೆ ಅಂತರ ಬಿಟ್ಟಿರುತ್ತಾರೆ, ಬಿಸಿಗಾಳಿ ಕೆಳಗೆ ನುಸುಳಿ ಹೋಗದೆ ಸಂದಿಯಲ್ಲೇ ಹಾಯಲಿ ಎಂದು. ನಾಲ್ಕು ಸಲ ಬ್ರಷ್ ಹಾಕಿ ಒಮ್ಮೆಯೂ ಗೋರದಿದ್ದರೆ ಮಡಿಕೆಗಳ ಕೆಳಭಾಗ ಮಸಿಯಲ್ಲಿ ಹೂತುಹೋಗುತ್ತದೆ. ಬ್ರಷ್ ಹಾಕಿಯೂ ಕುದಿ ಸುಧಾರಿಸಲಿಲ್ಲ ಎನ್ನುವ ದೂರುಗಳಲ್ಲಿ ಎಷ್ಟೋ ಇಲ್ಲಿಂದ ಹುಟ್ಟಿದವು. ಉದ್ದ ಹಿಡಿಯ ಗೋರುಮಣೆಯಿಂದ ಹಿಂದಕ್ಕೆ ಎಳೆದು ಲೋಹದ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ಕಟ್ಟಡದ ಹೊರಗಿಡಿ. ಮನೆಯ ವ್ಯಾಕ್ಯೂಮ್ ಬಳಸಬೇಡಿ. ಬೂದಿಯಲ್ಲಿ ಹೂತ ಕೆಂಡ ಒಂದು ದಿನ ಕಳೆದರೂ ಜೀವ ಹಿಡಿದಿರುತ್ತದೆ, ಗಾಳಿ ಸಿಕ್ಕರೆ ಚೀಲದೊಳಗೆ ಹೊತ್ತಿಕೊಳ್ಳುತ್ತದೆ.

ಈ ಕೆಲಸಕ್ಕೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್, ಕನ್ನಡಕ, ಕೈಗವಸು ಬೇಕೇ ಬೇಕು. ಬರೀ ಕೊಳೆ ತಾನೆ ಎನ್ನುವವರಿಗೆ: ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಚಿಮಣಿ ಗುಡಿಸುವವರಲ್ಲಿ ಕಾಣುತ್ತಿದ್ದ ಕ್ಯಾನ್ಸರಿಗೂ ಮಸಿಗೂ ಇರುವ ನಂಟನ್ನು ಬರೆದದ್ದು 1775ರಲ್ಲಿ.

ಇನ್ನು ಸೀಸನ್ ಮುಗಿದ ಮೇಲಿನ ದೊಡ್ಡ ತೊಳೆತ. ಇಲ್ಲಿ ಒಳಮೈ ಮೊದಲು, ಹೊರಮೈ ಆಮೇಲೆ. ಒಳಗಡೆ ಕೂತಿರುವುದು ಮಸಿಯಲ್ಲ, ಶುಗರ್ ಸ್ಯಾಂಡ್ ಎಂದು ಕರೆಯುವ ಕ್ಯಾಲ್ಸಿಯಂ ಮ್ಯಾಲೇಟಿನ ಗಟ್ಟಿ ಪದರ. ಅದನ್ನು ಬಿಡಿಸಲು ವಿನೆಗರ್ ಬೆರೆಸಿದ ನೀರನ್ನು ಬೆಚ್ಚಗೆ ಮಾಡಿ ನಿಲ್ಲಿಸುತ್ತಾರೆ, ಇಲ್ಲವೇ ಕೊನೆಯ ರಸವನ್ನೇ ವಾರಗಟ್ಟಲೆ ಹುಳಿಯಲು ಬಿಡುತ್ತಾರೆ. ಬೆಚ್ಚಗೆ ಮಾಡಲು ಬೆಂಕಿ ಬೇಕು, ಬೆಂಕಿ ಅಂದರೆ ಮತ್ತೆ ಮಸಿ. ಹೊರಮೈ ಮೊದಲು ತೊಳೆದವರು ಎರಡು ಸಲ ತೊಳೆಯುತ್ತಾರೆ. ಒಳಮೈಗೆ ಪಾತ್ರೆ ಸೋಪು ಸೋಕಬಾರದು. ಎಷ್ಟು ತೊಳೆದರೂ ಉಳಿಯುವ ಚೂರುಪಾರು ಮುಂದಿನ ವರ್ಷದ ಮೊದಲ ಸಿರಪ್ಪಿನಲ್ಲಿ ನಾಲಗೆಗೆ ಸಿಗುತ್ತದೆ.

ಪ್ಯಾನನ್ನು ಪೂರ್ತಿ ಬರಿದು ಮಾಡಿಯೇ ಎತ್ತಬೇಕು. ಮಡಿಕೆಗಳ ತಳದಲ್ಲಿ ಉಳಿದ ಒಂದೊಂದು ಲೀಟರೂ ಒಂದೊಂದು ಕಿಲೋ. ಕನಿಷ್ಠ ಇಬ್ಬರು ಹಿಡಿಯಿರಿ, ಅಂಚು ಕೊಯ್ಯುತ್ತದೆ. ಡ್ರಾಪ್ ಫ್ಲೂ ಪ್ಯಾನನ್ನು ಎಂದೂ ನೆಟ್ಟಗೆ ನೆಲಕ್ಕಿಡಬೇಡಿ. ಭಾರವೆಲ್ಲ ಮಡಿಕೆಗಳ ಮೇಲೆ ಬಿದ್ದು ತಳದ ವೆಲ್ಡಿಂಗ್ ಬಿರಿಯುತ್ತದೆ. ಎರಡು ಮರದ ಕುದುರೆಗಳ ಮೇಲೆ ಹಲಗೆ ಹಾಕಿ ಬೋರಲು ಮಲಗಿಸಿ. ಮಡಿಕೆಗಳು ಆಕಾಶ ನೋಡುತ್ತಿರಬೇಕು. ಮೊದಲು ಒಣಗಿರುವಾಗಲೇ ಬ್ರಷ್ ಹಾಕಿ ಪುಡಿಯನ್ನೆಲ್ಲ ಕೆಡವಿ. ಪುಡಿಮಸಿಗೆ ನೀರು ಬಿದ್ದರೆ ಕಪ್ಪು ಕೆಸರಾಗಿ ಮೂಲೆಮೂಲೆಗೂ ಹೋಗಿ ಕೂರುತ್ತದೆ, ಹತ್ತು ನಿಮಿಷದ ಕೆಲಸ ಒಂದು ಗಂಟೆಯದ್ದಾಗುತ್ತದೆ.

ಆಮೇಲೆ 10 ಲೀಟರ್ ಬಿಸಿನೀರಿಗೆ 100ರಿಂದ 150 ಗ್ರಾಂ ವಾಷಿಂಗ್ ಸೋಡಾ, ಒಂದು ಚಮಚ ಪಾತ್ರೆ ಸೋಪು. ನೀರು ಕೈಗವಸಿನ ಮೇಲೂ ಚುರುಕ್ಕೆನ್ನುವಷ್ಟು ಬಿಸಿ ಇರಲಿ. ಬಟ್ಟೆಯಲ್ಲಿ ಅದ್ದಿ ಮಡಿಕೆಗಳ ಮೇಲೆ ಹೊದಿಸಿ, 15–20 ನಿಮಿಷ ಆರದಂತೆ ನೋಡಿಕೊಳ್ಳಿ. ಸೋಡಾ ಕೆಲಸ ಮಾಡುವುದು ಒದ್ದೆಯಾಗಿದ್ದಾಗ ಮಾತ್ರ, ಒಣಗಿದರೆ ಮೊದಲಿದ್ದ ಕೊಳೆಯ ಮೇಲೆ ಇನ್ನೊಂದು ಬಿಳಿ ಪದರ ಅಷ್ಟೆ. ನೈಲಾನ್ ಬ್ರಷ್ಷಿನಿಂದ ಉಜ್ಜಿದರೆ ಜಿಡ್ಡು ಕಂದುನೀರಾಗಿ ಇಳಿಯುತ್ತದೆ. ನೀರು ತಿಳಿಯಾಗುವ ತನಕ ತೊಳೆಯಿರಿ. ಪ್ರೆಷರ್ ವಾಷರ್ ಇದ್ದರೆ ಬೀಸಣಿಗೆಯಂತೆ ಹರಡುವ ನಾಝಲ್ ಹಾಕಿ 30 ಸೆಂಟಿಮೀಟರ್ ದೂರದಿಂದ ಹೊಡೆಯಿರಿ. ಪ್ಯಾನ್ ಆರ್ಚಿನ ಮೇಲೇ ಇದ್ದಾಗ ಮಾತ್ರ ಅದನ್ನು ಹತ್ತಿರ ತರಬೇಡಿ. ಇಟ್ಟಿಗೆ ಮತ್ತು ಅದರ ಹಿಂದಿನ ಸೆರಾಮಿಕ್ ಹೊದಿಕೆ ನೀರು ಕುಡಿದರೆ, ಅದು ಹೆಪ್ಪುಗಟ್ಟಿದಾಗ ಅಥವಾ ಮುಂದಿನ ಬೆಂಕಿಗೆ ಒಮ್ಮೆಲೇ ಆವಿಯಾದಾಗ ಇಟ್ಟಿಗೆ ಸೀಳುತ್ತದೆ.

ಗಾಜಿನಂತಾದ ಕ್ರಿಯೋಸೋಟಿಗೆ ಓವನ್ ಕ್ಲೀನರ್ ಬಳಸುವವರಿದ್ದಾರೆ. ಅದರಲ್ಲಿರುವುದು ಕಾಸ್ಟಿಕ್ ಸೋಡಾ. ವೆಲ್ಡ್ ಮಾಡಿದ ಸ್ಟೇನ್‌ಲೆಸ್ ಪ್ಯಾನಿನ ಹೊರಮೈಗೆ ಅದು ನಡೆಯುತ್ತದೆ, ಗಾಳಿಯಾಡುವ ಕಡೆ, ಉದ್ದ ಕೈಗವಸು ಹಾಕಿಕೊಂಡು, ಒಂದು ಹನಿಯೂ ಒಳಗೆ ಇಳಿಯದ ಹಾಗೆ. ಸತುವಿನ ಲೇಪದ ತಗಡು, ತವರದ ಲೇಪ, ಅಲ್ಯೂಮಿನಿಯಂ ಇವುಗಳ ಹತ್ತಿರ ಬೇಡವೇ ಬೇಡ, ಲೋಹವನ್ನೇ ತಿನ್ನುತ್ತದೆ. ಬ್ಲೀಚ್ ಮತ್ತು ಹೈಡ್ರೋಕ್ಲೋರಿಕ್ ಆಸಿಡ್ ಯಾವ ಪ್ಯಾನಿಗೂ ಬೇಡ. ಕ್ಲೋರೈಡ್ ಸ್ಟೇನ್‌ಲೆಸ್ಸಿನ ರಕ್ಷಣಾ ಪದರವನ್ನು ಸೂಜಿಮೊನೆಯಷ್ಟು ಜಾಗದಲ್ಲಿ ಒಡೆದು ಅಲ್ಲಿಂದ ಆಳಕ್ಕೆ ಕೊರೆಯುತ್ತದೆ, ಹೊರಗೆ ಚುಕ್ಕೆ ಕಾಣುವಾಗ ಒಳಗೆ ತೂತಾಗಿರುತ್ತದೆ. ಡ್ರಿಲ್ಲಿಗೆ ತಂತಿಚಕ್ರ ಸಿಕ್ಕಿಸಿ ತಿಕ್ಕುವುದಂತೂ ಶುದ್ಧ ಅವಸರಗೇಡಿತನ. ತಗಡು ಸವೆಯುತ್ತದೆ, ಉಳಿದ ಗೀರುಗಳಲ್ಲಿ ಮುಂದಿನ ಮಸಿ ಇನ್ನೂ ಗಟ್ಟಿಯಾಗಿ ಬೇರುಬಿಡುತ್ತದೆ. 1990ರ ದಶಕಕ್ಕೂ ಹಿಂದಿನ, ಬೆಸುಗೆ ಹಾಕಿದ ಪ್ಯಾನುಗಳಲ್ಲಿ ಸೀಸ ಇರುವ ಸಾಧ್ಯತೆ ಬಹಳ. ಅದನ್ನು ಉಜ್ಜಿ ಹೊಳಪಿಸುವ ಬದಲು, ಅದರಲ್ಲಿ ಸಿರಪ್ ಮಾಡಬೇಕೆ ಎಂದೇ ಮೊದಲು ಯೋಚಿಸಬೇಕು.

ಹೊರಮೈಗೆ ಮೊದಲೇ ಸೋಪು ಸವರಿ ಒಲೆಗೇರಿಸಿದರೆ ಮಸಿ ಸೋಪಿನ ಜೊತೆಗೇ ಜಾರುತ್ತದೆ ಎಂಬ ಉಪಾಯ ಸುಳ್ಳಲ್ಲ. ಹಿತ್ತಿಲಲ್ಲಿ ಒಂದೇ ಚಪ್ಪಟೆ ಪ್ಯಾನಿಟ್ಟು ಕುದಿಸುವವರಿಗೆ ಅದು ಒಳ್ಳೆಯದು. ಫ್ಲೂ ಸಂದಿಗೆ ಸೋಪು ಸವರುವ ಕೈ ಯಾರಿಗೂ ಇಲ್ಲ.

ಎಣ್ಣೆ ಬರ್ನರಿನ ಒಲೆಯಲ್ಲಿ ಮಸಿ ಕಂಡರೆ ಬ್ರಷ್ ಹುಡುಕುವ ಮೊದಲು ಬರ್ನರ್ ನೋಡಿ. ಸರಿಯಾಗಿ ಹೊಂದಿಸಿದ ಬರ್ನರ್ ಮಸಿಯನ್ನೇ ಬಿಡುವುದಿಲ್ಲ ಎನ್ನಬಹುದು. ನಾಝಲ್ ಸವೆದಿರುತ್ತದೆ, ಇಲ್ಲವೇ ಗಾಳಿ ಕಡಿಮೆಯಾಗಿರುತ್ತದೆ. ಹೊಗೆಯನ್ನು ಬಿಳಿ ಕಾಗದದ ಮೂಲಕ ಎಳೆದು ಕಪ್ಪಿನ ಗಾಢತೆ ನೋಡುವ ಸ್ಮೋಕ್ ಟೆಸ್ಟ್ 0ಯಿಂದ 9ರವರೆಗೆ ಹೋಗುತ್ತದೆ. 0 ಅಥವಾ 1 ಬರಬೇಕು. ಎಣ್ಣೆಮಸಿಯಲ್ಲಿ ಗಂಧಕ ಇರುವುದರಿಂದ ತೇವ ತಾಗಿದರೆ ಆಮ್ಲವಾಗುತ್ತದೆ. ಆ ಪ್ಯಾನನ್ನು ತೊಳೆದ ಮೇಲೆ 10 ಲೀಟರಿಗೆ 250 ಗ್ರಾಂ ಅಡುಗೆ ಸೋಡಾ ಕಲಸಿದ ನೀರನ್ನು ಒಮ್ಮೆ ಸುರಿದು, ಮತ್ತೆ ಬರೀ ನೀರಿನಲ್ಲಿ ಜಾಲಿಸಿ.

ಮಸಿ ಹುಟ್ಟುವುದನ್ನೇ ಕಡಿಮೆ ಮಾಡುವುದು ಸೌದೆಯ ಕೈಯಲ್ಲಿದೆ. ತೇವಾಂಶ 20 ಶೇಕಡಾಕ್ಕಿಂತ ಕೆಳಗಿರಲಿ. ಅಳೆಯುವಾಗ ತುಂಡಿನ ಹೊರಮೈಗೆ ಮೀಟರ್ ಚುಚ್ಚಬೇಡಿ, ಸೀಳಿ ಹೊಸ ಮುಖಕ್ಕೆ ಚುಚ್ಚಿ. ಮಣಿಕಟ್ಟಿನ ದಪ್ಪದ ಸೀಳುಗಳನ್ನು ಅಡ್ಡಾದಿಡ್ಡಿ ಪೇರಿಸಿದರೆ ನಡುವೆ ಗಾಳಿಯಾಡುತ್ತದೆ. ಗೂಡು ತುಂಬ ದಿಮ್ಮಿ ತುರುಕಿ ಅರ್ಧ ಗಂಟೆ ಮರೆಯುವ ಬದಲು, ಟೈಮರ್ ಇಟ್ಟುಕೊಂಡು 7–10 ನಿಮಿಷಕ್ಕೊಮ್ಮೆ ಸ್ವಲ್ಪಸ್ವಲ್ಪ ಹಾಕಿ. ಬಾಗಿಲು ತೆರೆದಿರುವಷ್ಟು ಹೊತ್ತೂ ತಣ್ಣನೆಯ ಗಾಳಿ ನುಗ್ಗಿ ಉರಿಯನ್ನು ಕೊಲ್ಲುತ್ತದೆ, ಕೈ ಚುರುಕಾಗಿರಲಿ. ಬ್ಲೋವರ್ ಇರುವವರು ಕೆಳಗಿನಿಂದ ಮಾತ್ರವಲ್ಲದೆ ಉರಿಯ ಮೇಲ್ಗಡೆಗೂ ಗಾಳಿ ಕೊಟ್ಟರೆ, ಫ್ಲೂಗೆ ತಲುಪುವ ಮೊದಲೇ ಹೊಗೆ ಸುಟ್ಟುಹೋಗುತ್ತದೆ. ಬೆಳಗಿನ ಮೊದಲ ಬೆಂಕಿಗೆ ಚಕ್ಕೆ, ಸಿಬಿರುಗಳಂಥ ಅತ್ಯಂತ ಒಣಗಿದ್ದನ್ನೇ ಎತ್ತಿಡಿ. ಪ್ಯಾನು ಬೆವರುವ ಆ ಅರ್ಧ ಗಂಟೆಯನ್ನು ಹತ್ತು ನಿಮಿಷಕ್ಕೆ ಇಳಿಸಿದರೆ ದಿನದ ಅಂಟೂ ಕಡಿಮೆ.

ತೊಳೆದ ಪ್ಯಾನನ್ನು ಬಿಸಿಲಲ್ಲಿ ಒಣಗಿಸಿ, ಕತ್ತಲಲ್ಲಿ ಒಳಗಿನಿಂದ ಟಾರ್ಚ್ ಹಾಕಿ ನೋಡಿ. ಇಷ್ಟು ದಿನ ಮಸಿಯೇ ಮುಚ್ಚಿಟ್ಟಿದ್ದ ಸೂಜಿತೂತು ಈಗ ನಕ್ಷತ್ರದ ಹಾಗೆ ಹೊಳೆಯುತ್ತದೆ. ಅದನ್ನು ವೆಲ್ಡ್ ಮಾಡಿಸಲು ಮುಂದಿನ ಫೆಬ್ರವರಿಯವರೆಗೆ ಹೊತ್ತಿದೆ. ಪ್ಯಾನನ್ನು ವಾಪಸು ಆರ್ಚಿನ ಮೇಲಿಟ್ಟು ಬೇಸಿಗೆ ಕಳೆಯಬೇಡಿ. ತಣ್ಣನೆಯ ಇಟ್ಟಿಗೆ ತೇವ ಎಳೆಯುತ್ತದೆ, ಹೊದಿಕೆಯಲ್ಲಿ ಇಲಿ ಗೂಡು ಕಟ್ಟುತ್ತದೆ, ಇಲಿಯ ಮೂತ್ರ ಸ್ಟೇನ್‌ಲೆಸ್ಸನ್ನೂ ಬಿಡುವುದಿಲ್ಲ. ಒಣ ಜಾಗದಲ್ಲಿ ಹಲಗೆಯ ಮೇಲೆ ಬೋರಲಾಗಿರಲಿ. ಚಿಮಣಿಯ ಬಾಯಿಗೆ ಮುಚ್ಚಳ ಹಾಕುವುದನ್ನು ಮಾತ್ರ ಅದೇ ದಿನ ಮುಗಿಸಿ. ಒಳಗಿನ ಮಸಿಯನ್ನು ತೊಳೆದುಕೊಂಡು ಇಳಿಯುವ ಮೊದಲ ಮಳೆಯ ಕಪ್ಪುನೀರು ನೇರ ಹೋಗಿ ನಿಲ್ಲುವುದು ಆರ್ಚಿನ ಹಿಂದಿನ ನೆಲದಲ್ಲೇ.